ಮನೆಯಲ್ಲೇ ಸೆನ್ಸರ್ ಬದಲಿಸಿದ ಮೇಲೂ ಹಳೆ ಕಾರು ಸರಿ ಹೋಗದಿದ್ದರೆ

ಹೊಸ ಸೆನ್ಸರ್ ಹಾಕಿದ್ದೀರಿ. ಬಿಗಿ ಮಾಡಿದ್ದೀರಿ. ಇಂಜಿನ್ ಸ್ಟಾರ್ಟ್ ಆದ ಮೇಲೂ ಮೀಟರ್‌ನಲ್ಲಿ ಹಳದಿ ಚೆಕ್ ಲೈಟ್ ಆರುತ್ತಿಲ್ಲ. ಅಥವಾ ಆರಿತ್ತು, ಎರಡು ದಿನ ಬಿಟ್ಟು ಮತ್ತೆ ಬಂದಿದೆ. ಅಥವಾ ಮೊದಲು ಇರದಿದ್ದ ಹೊಸ ತೊಂದರೆಯೊಂದು ಶುರುವಾಗಿದೆ. ಈ ಮೂರರಲ್ಲಿ ನಿಮ್ಮದು ಯಾವುದು ಅಂತ ಮೊದಲು ಒಂದು ಚೀಟಿಯಲ್ಲಿ ಬರೆದಿಡಿ. ಮೂರಕ್ಕೂ ಹುಡುಕುವ ದಾರಿ ಬೇರೆ.

ನಮ್ಮ ಕಾರಿಗೆ ಎರಡನೆಯದೂ ಮೂರನೆಯದೂ ಒಟ್ಟಿಗೇ ಬಂದವು. 2007ರ ಪೆಟ್ರೋಲ್ ಕಾರು, ಅಪ್ಪ ಕೊಂಡಿದ್ದು. ಹದಿನೈದು ವರ್ಷ ತುಂಬಿದ ಮೇಲೆ ಆರ್‌ಸಿ ನವೀಕರಿಸಿ ಇಟ್ಟುಕೊಂಡಿದ್ದೇವೆ. ಒಂದು ದಿನ ಬೆಳಗ್ಗೆ ಬೆಂಗಳೂರಿನ ಶ್ರೀನಗರದ ಮನೆ ಮುಂದೆ ಸ್ಟಾರ್ಟ್ ಮಾಡಿದ ತಕ್ಷಣ ರೇಡಿಯೇಟರ್ ಫ್ಯಾನ್ ಜೋರಾಗಿ ತಿರುಗತೊಡಗಿತು. ಇಂಜಿನ್ ಇನ್ನೂ ಕೈ ಇಡುವಷ್ಟು ತಣ್ಣಗಿತ್ತು. ಚೆಕ್ ಲೈಟ್ ಬಂದಿತ್ತು. ಬಿಸಿಯಾದ ಮೇಲೆ ನಿಲ್ಲಿಸಿ ಮತ್ತೆ ಹೊರಟರೆ ಮೂರು ನಾಲ್ಕು ಸಲ ಸೆಲ್ಫ್ ಹೊಡೆಯಬೇಕು. ಸೈಲೆನ್ಸರ್ ಹತ್ತಿರ ಪೆಟ್ರೋಲ್ ವಾಸನೆ. ಕಾರಿನ ಕಂಪ್ಯೂಟರ್ ಬರೆದಿಟ್ಟ ತೊಂದರೆಯ ಕೋಡ್ ಓದುವ ಸ್ಕ್ಯಾನರ್ ಹಾಕಿದಾಗ ಬಂದದ್ದು ಪಿ0118. ಕೂಲೆಂಟ್ ಟೆಂಪರೇಚರ್ ಸೆನ್ಸರ್ ಅಂತ ಅದರ ಮುಂದೆ ಬರೆದಿತ್ತು. ನಾನು ಜೆ.ಸಿ. ರಸ್ತೆಗೆ ಹೋಗಿ ಹೊಸ ಸೆನ್ಸರ್ ತಂದು ಭಾನುವಾರ ಕೂತು ಹಾಕಿದೆ. ಎರಡು ದಿನ ಎಲ್ಲ ಚೆನ್ನಾಗಿತ್ತು. ಮೂರನೇ ದಿನ ಅದೇ ಕೋಡ್ ವಾಪಸ್. ಜೊತೆಗೆ, ಮೊದಲು ಎಂದೂ ಇರದ ಹಾಗೆ ಐಡಲ್, ಅಂದರೆ ಎಕ್ಸಲರೇಟರ್ ಒತ್ತದಿರುವಾಗ ಇಂಜಿನ್ ತಿರುಗುವ ವೇಗ, 1100ರಿಂದ 1700 ಆರ್‌ಪಿಎಂವರೆಗೆ ಉಯ್ಯಾಲೆ ಆಡುತ್ತಿತ್ತು.

ತಪ್ಪು ಹಳೆ ಸೆನ್ಸರ್‌ನದ್ದೂ ಆಗಿರಲಿಲ್ಲ, ಹೊಸ ಸೆನ್ಸರ್‌ನದ್ದೂ ಅಲ್ಲ. ಅದು ಗೊತ್ತಾಗಲು ನನಗೆ ಎರಡು ವಾರ ಹಿಡಿಯಿತು. ನಿಮಗೆ ಒಂದು ಬೆಳಗ್ಗೆಯಲ್ಲಿ ಗೊತ್ತಾಗಲಿ ಅಂತ ಇಷ್ಟು ಬರೆಯುತ್ತಿದ್ದೇನೆ.

ಕೋಡ್ ಯಾರ ಹೆಸರು ಹೇಳುತ್ತದೆ

ಕೋಡ್ ಬಂದ ಕೂಡಲೇ ಆ ಸೆನ್ಸರ್ ಹೋಗಿದೆ ಅಂತ ತೀರ್ಮಾನಿಸುವುದು ಸಾಮಾನ್ಯ. ಆದರೆ ಇಸಿಯುಗೆ, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್‌ಗೆ, ಸೆನ್ಸರ್ ಕಾಣುವುದಿಲ್ಲ. ಅದಕ್ಕೆ ಕಾಣುವುದು ತನ್ನ ಪಿನ್‌ಗೆ ಬರುವ ವೋಲ್ಟೇಜ್ ಮಾತ್ರ. ಕೂಲೆಂಟ್ ಸೆನ್ಸರ್‌ಗೆ ಇಸಿಯು ಒಳಗಿನ ಒಂದು ರೆಸಿಸ್ಟರ್ ಮೂಲಕ 5 ವೋಲ್ಟ್ ಕಳಿಸುತ್ತದೆ. ಸೆನ್ಸರ್ ಬಿಸಿಯಾದಷ್ಟೂ ಅದರ ಓಮ್ (ರೆಸಿಸ್ಟೆನ್ಸ್) ಇಳಿಯುತ್ತದೆ, ವೋಲ್ಟೇಜೂ ಇಳಿಯುತ್ತದೆ. ವೈರ್ ಎಲ್ಲೋ ಕಡಿದರೆ 5 ವೋಲ್ಟ್ ಹಾಗೇ ನಿಲ್ಲುತ್ತದೆ. ಇಸಿಯು ಅದನ್ನು ಮೈನಸ್ 40 ಡಿಗ್ರಿ ಅಂತ ಓದುತ್ತದೆ. ಬೆಂಗಳೂರಲ್ಲಿ ಮೈನಸ್ 40! ಹಾಗೆ ಆಗಲು ಸಾಧ್ಯವಿಲ್ಲ ಅಂತ ಪಿ0118 ಬರೆದುಕೊಳ್ಳುತ್ತದೆ. ಇಂಜಿನ್ ಸುಡಬಾರದು ಅಂತ ಎಷ್ಟೋ ಕಾರುಗಳಲ್ಲಿ ಫ್ಯಾನನ್ನೂ ಓಡಿಸಿಬಿಡುತ್ತದೆ. ನಮ್ಮ ಕಾರಿನ ಫ್ಯಾನ್ ತಣ್ಣನೆ ಇಂಜಿನ್‌ನಲ್ಲಿ ತಿರುಗಿದ್ದು ಇದಕ್ಕೇ. ವೈರ್ ಬಾಡಿಗೆ ತಾಗಿ ಶಾರ್ಟ್ ಆದರೆ ಉಲ್ಟಾ: ವೋಲ್ಟೇಜ್ ಸೊನ್ನೆಯ ಹತ್ತಿರ, ಪಿ0117.

ಅಂದರೆ ಕೋಡ್ ಹೇಳುವುದು ಸರ್ಕ್ಯೂಟ್‌ನ ಹೆಸರು. ಅದರಲ್ಲಿ ಸೆನ್ಸರ್ ಇದೆ, ವೈರನ್ನು ಸೆನ್ಸರ್‌ಗೆ ಜೋಡಿಸುವ ಪ್ಲಾಸ್ಟಿಕ್ ಕಪ್ಲರ್ ಇದೆ, ಎರಡು ವೈರ್ ಇವೆ, ಅರ್ಥಿಂಗ್ ಇದೆ, ಕೊನೆಗೆ ಇಸಿಯು ಇದೆ. ಹಳೆ ಕಾರಿನಲ್ಲಿ ಇವೆಲ್ಲಕ್ಕೂ ಒಂದೇ ವಯಸ್ಸು. ನೀವು ಬದಲಿಸಿದ್ದು ಅದರಲ್ಲಿ ಒಂದನ್ನು ಮಾತ್ರ.

ಸ್ಕ್ಯಾನರ್ ಬಗ್ಗೆ ಒಂದು ಮಾತು. ಇಂಜಿನ್ ತೊಂದರೆಯನ್ನು ಕಾರೇ ಗುರುತಿಸಿ ಕೋಡ್ ಬರೆದಿಡುವ ಓಬಿಡಿ-2 ವ್ಯವಸ್ಥೆ ನಮ್ಮಲ್ಲಿ ಕಡ್ಡಾಯವಾಗಿದ್ದು 2013ರಲ್ಲಿ. ಅದಕ್ಕಿಂತ ಹಳೆಯ ಕಾರಿನಲ್ಲಿ ಸ್ಟೇರಿಂಗ್ ಕೆಳಗೆ ಹದಿನಾರು ಪಿನ್ನಿನ ಪೋರ್ಟ್ ಇದ್ದರೂ ಒಳಗಿನ ಭಾಷೆ ಹಳೆಯದಾಗಿರಬಹುದು. ಆ ಪೋರ್ಟ್‌ಗೆ ಚುಚ್ಚಿ ಮೊಬೈಲ್‌ನಲ್ಲಿ ಓದುವ ಅಗ್ಗದ ಬ್ಲೂಟೂತ್ ಇಎಲ್‌ಎಂ327 ಅಡಾಪ್ಟರ್‌ಗಳಲ್ಲಿ ಕೆಲವು ಆ ಭಾಷೆ ಮಾತಾಡುವುದಿಲ್ಲ. ಕನೆಕ್ಟ್ ಆಗಲಿಲ್ಲ ಅಂದರೆ ಇಸಿಯು ಸತ್ತಿದೆ ಅಂತ ಹೆದರಬೇಡಿ. ಬೇರೆ ಅಡಾಪ್ಟರ್ ಹಾಕಿ ನೋಡಿ, ಅಥವಾ ಹಳೆ ಕಾರಿಗೆ ಸ್ಕ್ಯಾನಿಂಗ್ ಮಾಡುವ ಗ್ಯಾರೇಜ್‌ಗೆ ಹೋಗಿ. ಆದರೆ ಕೋಡ್ ಒಂದನ್ನೇ ಓದಿಸಿಕೊಂಡು ಬರಬೇಡಿ. ಲೈವ್ ಡೇಟಾ, ಅಂದರೆ ಸೆನ್ಸರ್‌ಗಳು ಆ ಕ್ಷಣ ಹೇಳುತ್ತಿರುವ ಅಂಕಿ, ತೋರಿಸಿ ಅಂತ ಕೇಳಿ. ಮುಂದಿನ ಕೆಲಸಕ್ಕೆಲ್ಲ ಬೇಕಾಗುವುದು ಅದೇ.

ಕೈ ಹಾಕುವ ಮೊದಲು

ಇಂಜಿನ್ ಪೂರ್ತಿ ತಣ್ಣಗಾಗಲಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಲೇಬೇಡಿ. ಒಳಗಿನ ನೀರು ಒತ್ತಡದಿಂದ ಮಾತ್ರ ಕುದಿಯದೆ ನಿಂತಿರುತ್ತದೆ. ಮುಚ್ಚಳ ಸಡಿಲವಾದ ಕ್ಷಣ ಕುದಿದು ಮುಖಕ್ಕೆ ಹಾರುತ್ತದೆ. ಕಪ್ಲರ್ ತೆಗೆಯುವಾಗ, ಹಾಕುವಾಗ ಕೀ ಆಫ್ ಇರಲಿ. ಫ್ಯಾನ್ ಯಾವಾಗ ಬೇಕಾದರೂ ತಿರುಗಬಹುದು, ಬೆರಳು ದೂರ ಇಡಿ. ಚೆಲ್ಲಿದ ಕೂಲೆಂಟ್ ನೀರು ಹಾಕಿ ಚೆನ್ನಾಗಿ ತೊಳೆಯಿರಿ, ರಸ್ತೆಯ ತಗ್ಗಿನಲ್ಲಿ ನಿಲ್ಲಲು ಬಿಡಬೇಡಿ. ಅದು ಸಿಹಿ ಇರುತ್ತದೆ. ಬೀದಿ ನಾಯಿ, ಬೆಕ್ಕು ನೆಕ್ಕಿದರೆ ಕಿಡ್ನಿ ಹೋಗಿ ಸಾಯುತ್ತವೆ.

ಊರೇ ಕೊಡುವ ಮೂರು ಅಳತೆ

ಸೆನ್ಸರ್ ನಿಜ ಹೇಳುತ್ತಿದೆಯಾ ಅಂತ ತಿಳಿಯಬೇಕಾದರೆ ನಮಗೆ ಮೊದಲೇ ಗೊತ್ತಿರುವ ಒಂದು ಅಳತೆ ಬೇಕು. ಬೆಂಗಳೂರಿನಲ್ಲಿ ಅಂಥವು ಮೂರು ಸುಮ್ನೆ ಸಿಗುತ್ತವೆ.

ಮೊದಲನೆಯದು ಬೆಳಗಿನ ಹವೆ. ರಾತ್ರಿಯೆಲ್ಲ ನಿಂತ ಕಾರಿಗೆ ಬೆಳಗ್ಗೆ ಆರಕ್ಕೆ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ. ಲೈವ್ ಡೇಟಾದಲ್ಲಿ ಕೂಲೆಂಟ್ ಬಿಸಿ, ಒಳಗೆ ಬರುವ ಗಾಳಿಯ ಬಿಸಿ ಎರಡನ್ನೂ ನೋಡಿ. ಇಂಜಿನ್ ರಾತ್ರಿಯಿಡೀ ಆರಿರುತ್ತದೆ, ಹಾಗಾಗಿ ಎರಡೂ ಹೊರಗಿನ ಹವೆಗೆ ಹತ್ತಿರ ಇರಬೇಕು. ಡಿಸೆಂಬರ್‌ನಲ್ಲಿ 16 ಅಥವಾ 17, ಏಪ್ರಿಲ್‌ನಲ್ಲಿ 22 ಅಥವಾ 23. ನಾಲ್ಕೈದು ಡಿಗ್ರಿ ಆಚೀಚೆ ಪರವಾಗಿಲ್ಲ. ಒಂದು 21 ಅಂತಲೂ ಇನ್ನೊಂದು 45 ಅಂತಲೂ ತೋರಿಸಿದರೆ ಸುಳ್ಳು ಹೇಳುತ್ತಿರುವುದು ಯಾವುದು ಅಂತ ಅಲ್ಲೇ ಗೊತ್ತಾಗುತ್ತದೆ. ಖರ್ಚಿಲ್ಲದ ಪರೀಕ್ಷೆಗಳಲ್ಲಿ ಇದಕ್ಕಿಂತ ಒಳ್ಳೆಯದು ನನಗೆ ಬೇರೆ ಗೊತ್ತಿಲ್ಲ.

ಎರಡನೆಯದು ಗಾಳಿಯ ಒತ್ತಡ. ನೀವು ಬದಲಿಸಿದ್ದು ಇಂಟೇಕ್ (ಇಂಜಿನ್ ಗಾಳಿ ಎಳೆದುಕೊಳ್ಳುವ ದಾರಿ) ಒಳಗಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಆಗಿದ್ದರೆ ಇದು ಮುಖ್ಯ. ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿದಾಗ ಅದು ತೋರಿಸಬೇಕಾದದ್ದು ಊರಿನ ಗಾಳಿಯ ಒತ್ತಡವನ್ನೇ. ಕೈಪಿಡಿಗಳಲ್ಲಿ, ಯೂಟ್ಯೂಬ್ ವಿಡಿಯೊಗಳಲ್ಲಿ 100 ಅಥವಾ 101 ಕಿಲೋಪ್ಯಾಸ್ಕಲ್ ಬರಬೇಕು ಅಂತ ಹೇಳುತ್ತಾರೆ. ಅದು ಸಮುದ್ರ ಮಟ್ಟದ ಲೆಕ್ಕ. ಮಂಗಳೂರಿಗೆ ಸರಿ. ಬೆಂಗಳೂರು ಇರುವುದು ಸುಮಾರು 920 ಮೀಟರ್ ಎತ್ತರದಲ್ಲಿ. ಇಲ್ಲಿ 90, 91 ಬರಬೇಕು. 91 ನೋಡಿ ಹೊಸ ಸೆನ್ಸರ್ ಕೆಟ್ಟಿದೆ ಅಂತ ಅಂಗಡಿಗೆ ವಾಪಸ್ ಕೊಡಬೇಡಿ. ಇಲ್ಲಿ 101 ತೋರಿಸಿದರೇನೇ ಅನುಮಾನ ಪಡಬೇಕು.

ಮೂರನೆಯದು ಕುದಿಯುವ ನೀರು. ಅದೇ ಎತ್ತರದ ಕಾರಣಕ್ಕೆ ನಮ್ಮ ಊರಿನಲ್ಲಿ ನೀರು 100ರಲ್ಲಿ ಅಲ್ಲ, 97ರ ಹತ್ತಿರ ಕುದಿಯುತ್ತದೆ. ಸೆನ್ಸರ್ ಬಿಚ್ಚಿ ಪರೀಕ್ಷೆ ಮಾಡುವಾಗ ಇದು ಬೇಕಾಗುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಕಪ್ಲರ್

ಇಲ್ಲಿ ನಿಧಾನ ಮಾಡಿ. ಸೆನ್ಸರ್ ಬದಲಿಸಿದ ಮೇಲೆ ಬರುವ ತೊಂದರೆಗಳಲ್ಲಿ ಜಾಸ್ತಿ ಇರುವುದು ಇಲ್ಲೇ.

ಹದಿನೈದು, ಇಪ್ಪತ್ತು ವರ್ಷ ಇಂಜಿನ್ ಬಿಸಿಯಲ್ಲಿ ಬೆಂದ ಪ್ಲಾಸ್ಟಿಕ್ ಹಪ್ಪಳದ ಹಾಗೆ ಆಗಿರುತ್ತದೆ. ಸಿಲ್ಕ್ ಬೋರ್ಡ್‌ನಲ್ಲಿ ಅರ್ಧ ಗಂಟೆ ನಿಂತಲ್ಲೇ ನಿಂತ ಕಾರಿನ ಬಾನೆಟ್ ಮೇಲೆ ಕೈ ಇಟ್ಟು ನೋಡಿ, ಒಳಗಿನ ಕಥೆ ಅರ್ಥವಾಗುತ್ತದೆ. ಕಪ್ಲರ್ ಲಾಕ್ ಒತ್ತಿ ಎಳೆಯುವಾಗ ಆ ಲಾಕ್ ಮುರಿದಿರಬಹುದು. ಮತ್ತೆ ಹಾಕಿದಾಗ ಟಕ್ ಅಂತ ಸದ್ದು ಬಂತಾ? ಬರದಿದ್ದರೆ ಅದು ಪೂರ್ತಿ ಕೂತಿಲ್ಲ. ಕೂತ ಹಾಗೆ ಕಾಣುತ್ತದೆ, ಮೊದಲ ಹಳ್ಳದಲ್ಲಿ ಸಡಿಲವಾಗುತ್ತದೆ.

ಕೀ ಆಫ್ ಮಾಡಿ ಕಪ್ಲರ್ ಬಿಚ್ಚಿ. ಮೊಬೈಲ್ ಟಾರ್ಚ್ ಹಿಡಿದು ಒಳಗೆ ನೋಡಿ. ಹಸಿರು ಅಥವಾ ಬಿಳಿ ಪುಡಿ ಇದೆಯಾ? ಎರಡು ಪಿನ್ನೂ ಒಂದೇ ಮಟ್ಟದಲ್ಲಿ ಇವೆಯಾ, ಇಲ್ಲಾ ಒಂದು ಹಿಂದಕ್ಕೆ ಸರಿದಿದೆಯಾ? ರಬ್ಬರ್ ಸೀಲ್ ಇದೆಯಾ? ಹಿಂದಿನಿಂದ ಒಂದೊಂದೇ ವೈರ್ ಮೆತ್ತಗೆ ಎಳೆದು ನೋಡಿ. ಒಂದು ವೈರ್ ರಬ್ಬರ್ ಹಾಗೆ ಉದ್ದವಾದರೆ ಒಳಗಿನ ತಾಮ್ರ ಕಡಿದಿದೆ, ಮೇಲಿನ ಕವಚ ಮಾತ್ರ ಹಿಡಿದುಕೊಂಡಿದೆ.

ನಮ್ಮ ಕಪ್ಲರ್ ನೋಡಲು ಸ್ವಚ್ಛವಾಗಿತ್ತು. ಹಾಗಾಗಿಯೇ ನಾನು ಎರಡು ಸಲ ನೋಡಿ ಮುಂದೆ ಹೋಗಿದ್ದೆ. ಸಿಕ್ಕಿಬಿದ್ದಿದ್ದು ಅಲುಗಾಡಿಸಿದಾಗ. ಇಂಜಿನ್ ಓಡುತ್ತಿತ್ತು. ಸೀಟಿನ ಮೇಲೆ ಮೊಬೈಲ್ ಇಟ್ಟು ತಂಗಿಯನ್ನು ಕೂರಿಸಿ ಕೂಲೆಂಟ್ ಬಿಸಿ ಜೋರಾಗಿ ಓದಲು ಹೇಳಿದೆ. ನಾನು ಬೆಲ್ಟ್‌ನಿಂದ, ಫ್ಯಾನ್‌ನಿಂದ ದೂರ ನಿಂತು ಉದ್ದನೆ ಮರದ ಕಡ್ಡಿಯಿಂದ ಕಪ್ಲರನ್ನು ಆಚೀಚೆ ತಳ್ಳಿದೆ. "84, 84, 85, 84, ಮೈನಸ್ 40!" ಫ್ಯಾನ್ ಶುರುವಾಯಿತು. ಕಡ್ಡಿ ತೆಗೆದೆ. "84." ಮತ್ತೆ ತಳ್ಳಿದೆ. "ಮೈನಸ್ 40."

ಒಳಗಿನ ಹೆಣ್ಣು ಪಿನ್ ಅಗಲವಾಗಿತ್ತು. ಬರಿಗಣ್ಣಿಗೆ ಕಾಣದಷ್ಟು. ಸೆನ್ಸರ್‌ನ ಪಿನ್ನನ್ನು ಅದು ಹಿಡಿಯುತ್ತಿರಲಿಲ್ಲ, ಸುಮ್ನೆ ತಾಗುತ್ತಿತ್ತು ಅಷ್ಟೆ. ಇದನ್ನು ಹಿಡಿಯಲು ಒಂದು ಸುಲಭ ಉಪಾಯ ಇದೆ. ಸೆನ್ಸರ್ ಪಿನ್ನಿನಷ್ಟೇ ದಪ್ಪದ ಒಂದು ಪಿನ್ ಹುಡುಕಿ ಒಂದೊಂದೇ ತೂತಿಗೆ ಹಾಕಿ ಎಳೆಯಿರಿ. ಒಳ್ಳೆಯ ಪಿನ್ ಸ್ವಲ್ಪ ಹಿಡಿದು ಬಿಡುತ್ತದೆ. ಸಡಿಲವಾದದ್ದು ಬೆಣ್ಣೆಯಿಂದ ಕೂದಲು ಎಳೆದ ಹಾಗೆ ಬಂದುಬಿಡುತ್ತದೆ. ಮಲ್ಟಿಮೀಟರ್‌ನ ದಪ್ಪ ಕಡ್ಡಿ ಮಾತ್ರ ತುರುಕಬೇಡಿ. ಚೆನ್ನಾಗಿದ್ದ ಪಿನ್ ಅದರಿಂದಲೇ ಅಗಲವಾಗುತ್ತದೆ.

ಆಗ ಆ ಎರಡು ದಿನದ ಗುಟ್ಟೂ ತಿಳಿಯಿತು. ಹೊಸ ಸೆನ್ಸರ್ ಹಾಕಲು ಕಪ್ಲರ್ ತೆಗೆದು ಮತ್ತೆ ಹಾಕಿದ್ದೆನಲ್ಲ, ಆ ತೆಗೆದು ಹಾಕಿದ್ದರಿಂದಲೇ ಪಿನ್ ಎರಡು ದಿನದ ಮಟ್ಟಿಗೆ ಕೂತಿತ್ತು. ಸೆನ್ಸರ್‌ನಿಂದ ಸರಿ ಹೋಯಿತು ಅಂತ ನಾನು ನಂಬಿದ್ದೆ. ನಿಮ್ಮ ಕಾರೂ ಸ್ವಲ್ಪ ದಿನ ಸರಿ ಇದ್ದು ಮತ್ತೆ ಕೆಟ್ಟಿದ್ದರೆ ನೇರವಾಗಿ ಕಪ್ಲರ್ ಹತ್ತಿರ ಹೋಗಿ.

ಜೆ.ಸಿ. ರಸ್ತೆಯಲ್ಲಿ ವೈರ್ ಸಮೇತ ಹೊಸ ಕಪ್ಲರ್ ಕೇಳಿದರೆ ಸಿಗುತ್ತದೆ. ಹಳೆಯದನ್ನು ಒಯ್ದು ತೋರಿಸಿ. ಜೋಡಿಸುವಾಗ ಎರಡು ವೈರನ್ನೂ ಒಂದೇ ಉದ್ದಕ್ಕೆ ಕತ್ತರಿಸಬೇಡಿ. ಒಂದು ಗಂಟು ಇನ್ನೊಂದರ ಪಕ್ಕ ಬರದ ಹಾಗೆ ಎರಡು ಇಂಚು ಹಿಂದೆ ಮುಂದೆ ಮಾಡಿ. ಬೆಸುಗೆ ಹಾಕಿ ಅಥವಾ ಸರಿಯಾದ ಕ್ರಿಂಪ್ ಹಾಕಿ, ಮೇಲೆ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಬಿಗಿಯಾಗುವ ಕೊಳವೆ) ತೊಡಿಸಿ. ವೈರ್ ತಿರುಚಿ ಟೇಪ್ ಸುತ್ತಿದರೆ ಇಂಜಿನ್ ಬಿಸಿಗೆ ಅಂಟು ಕರಗಿ ಒಂದೇ ಬೇಸಿಗೆಯಲ್ಲಿ ಬಿಚ್ಚಿಕೊಳ್ಳುತ್ತದೆ.

ಮಲ್ಟಿಮೀಟರ್ ಹಿಡಿದು

ಅಲುಗಾಡಿಸಿದಾಗ ಏನೂ ಸಿಗದಿದ್ದರೆ ಮಲ್ಟಿಮೀಟರ್ ಬೇಕು. ಎಸ್.ಪಿ. ರಸ್ತೆಯಲ್ಲಿ ಕೈಗೆಟುಕುವ ಬೆಲೆಗೆ ಸಿಗುತ್ತದೆ. ದುಬಾರಿಯದು ಬೇಡ.

ಎರಡು ವೈರ್‌ನ ಕೂಲೆಂಟ್ ಸೆನ್ಸರ್ ಕಪ್ಲರ್ ಬಿಚ್ಚಿ, ಕೀ ಆನ್ ಮಾಡಿ, ಕಪ್ಲರ್‌ನ ಎರಡು ಪಿನ್ ನಡುವೆ ಅಳೆಯಿರಿ. 5 ವೋಲ್ಟ್ ಹತ್ತಿರ ಬರಬೇಕು. ಬರಲಿಲ್ಲ ಅಂದರೆ ಮೀಟರ್‌ನ ಒಂದು ಕಡ್ಡಿಯನ್ನು ಬ್ಯಾಟರಿ ಮೈನಸ್‌ಗೆ ಇಟ್ಟು ಎರಡು ಪಿನ್ನನ್ನೂ ಒಂದೊಂದಾಗಿ ಮತ್ತೆ ಅಳೆಯಿರಿ. ಈಗ 5 ಬಂತಾ? ಹಾಗಾದರೆ ಸಿಗ್ನಲ್ ವೈರ್ ಸರಿ ಇದೆ, ಅರ್ಥಿಂಗ್ ವೈರ್ ಕಡಿದಿದೆ. ಆಗಲೂ ಬರಲಿಲ್ಲವಾ? ಸಿಗ್ನಲ್ ವೈರ್ ಎಲ್ಲೋ ತುಂಡಾಗಿದೆ ಅಥವಾ ಬಾಡಿಗೆ ತಾಗಿದೆ. ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ ನಿಲ್ಲಿಸುವವರು ಮೊದಲು ಇಲಿ ಕಡಿದ ಗುರುತು ಹುಡುಕಿ.

ಇನ್ನೊಂದು ಪರೀಕ್ಷೆ ಇನ್ನೂ ಸುಲಭ. ಕಪ್ಲರ್ ಬಿಚ್ಚಿಟ್ಟು ಲೈವ್ ಡೇಟಾ ನೋಡಿ. ಮೈನಸ್ 40 ತೋರಿಸಬೇಕು. ಈಗ ಸಣ್ಣ ವೈರ್ ತುಂಡಿನಿಂದ ಕಪ್ಲರ್‌ನ ಎರಡು ಪಿನ್ ಜೋಡಿಸಿ. ಬಿಸಿ ಸರ್ರನೆ 120, 130 ದಾಟಿ ಮೇಲಕ್ಕೆ ಹೋಗಬೇಕು. ಎರಡೂ ಆದರೆ ವೈರಿಂಗೂ ಇಸಿಯುವೂ ಚೆನ್ನಾಗಿವೆ, ಅನುಮಾನ ಸೆನ್ಸರ್ ಮೇಲೆ ಮಾತ್ರ ಉಳಿಯುತ್ತದೆ. ಹುಷಾರು: ಇದನ್ನು ಎರಡು ವೈರ್‌ನ ಟೆಂಪರೇಚರ್ ಸೆನ್ಸರ್‌ಗೆ ಮಾತ್ರ ಮಾಡಬಹುದು. ಮ್ಯಾಪ್, ಥ್ರಾಟಲ್ ಸೆನ್ಸರ್‌ಗಳ ಮೂರು ವೈರ್‌ನ ಕಪ್ಲರ್‌ಗೆ ಹೀಗೆ ಮಾಡಿದರೆ 5 ವೋಲ್ಟ್ ಸಪ್ಲೈಯನ್ನೇ ಅರ್ಥ್‌ಗೆ ಜೋಡಿಸಿಬಿಡುವ ಅಪಾಯ ಇದೆ.

ಈಗ ಕುದಿಯುವ ನೀರು. ಅಡುಗೆಗೆ ಬಳಸದ ಒಂದು ಹಳೆ ಪಾತ್ರೆ ತಗೊಳ್ಳಿ, ಮತ್ತೆ ಅದನ್ನು ಅಡುಗೆಮನೆಗೆ ಒಯ್ಯಬೇಡಿ. ಹಳೆ ಸೆನ್ಸರ್, ಹೊಸ ಸೆನ್ಸರ್ ಎರಡರ ತುದಿಯನ್ನೂ ಒಂದೇ ನೀರಿನಲ್ಲಿ ಇಡಿ. ತಳಕ್ಕೆ ತಾಗಬಾರದು. ಮೇಲಿನ ಪಿನ್ ಒದ್ದೆಯಾಗಬಾರದು. ಹೆಚ್ಚಿನ ಕಾರುಗಳ ಕೂಲೆಂಟ್ ಸೆನ್ಸರ್ 20 ಡಿಗ್ರಿಯಲ್ಲಿ 2000ದಿಂದ 3000 ಓಮ್ ತೋರಿಸುತ್ತದೆ, 80ರಲ್ಲಿ 300ರ ಆಸುಪಾಸು, ಕುದಿಯುವಾಗ 200ರ ಹತ್ತಿರ. ನಿಮ್ಮ ಕಾರಿನ ಸರಿಯಾದ ಅಂಕಿ ಸರ್ವಿಸ್ ಮ್ಯಾನುಯಲ್‌ನಲ್ಲಿರುತ್ತದೆ. ಆದರೆ ಅಂಕಿಗಿಂತ ಹೋಲಿಕೆ ಮುಖ್ಯ. ನೀರು ಬಿಸಿಯಾಗುತ್ತಾ ಹೋದ ಹಾಗೆ ಎರಡೂ ಒಟ್ಟಿಗೆ ಇಳಿಯಬೇಕು. ಮಧ್ಯೆ ಒಂದು ಕಡೆ ಓಮ್ ತಟ್ಟನೆ ಹಾರಿದರೆ ಆ ಸೆನ್ಸರ್ ಹೋಗಿದೆ. ಮೊದಲಿನಿಂದ ಕೊನೆಯವರೆಗೂ ಎರಡರ ಅಂಕಿ ದೂರ ದೂರ ಇದ್ದರೆ ನಿಮಗೆ ಬೇರೆ ಮಾಡೆಲ್‌ನ ಸೆನ್ಸರ್ ಕೊಟ್ಟಿದ್ದಾರೆ.

ನಮ್ಮ ಮನೆಯಲ್ಲಿ ಎರಡೂ ಒಂದೇ ಥರ ಇಳಿದವು. ಹಳೆಯದು 205, ಹೊಸದು 201. ಹಳೆ ಸೆನ್ಸರ್ ಮೊದಲಿನಿಂದಲೂ ಸರಿಯಾಗಿಯೇ ಇತ್ತು. ಅದನ್ನು ಒರೆಸಿ ಡಬ್ಬದಲ್ಲಿ ಎತ್ತಿಟ್ಟಿದ್ದೇನೆ. ದಯವಿಟ್ಟು ಹಳೆ ಪಾರ್ಟ್ ಅಂತ ತಕ್ಷಣ ಎಸೆಯಬೇಡಿ. ಕೊನೆಗೆ ಸಾಕ್ಷಿ ಹೇಳುವುದು ಅದೇ.

ಅಂಗಡಿಯಲ್ಲಿ ತಪ್ಪಾಗಿದ್ದರೆ

ಕೆಲವು ಹಳೆ ಇಂಜಿನ್‌ಗಳಲ್ಲಿ ಕೂಲೆಂಟ್ ಬಿಸಿ ಅಳೆಯಲು ಎರಡು ಸೆನ್ಸರ್ ಇರುತ್ತವೆ. ಒಂದು ಇಸಿಯುಗೆ, ಸಾಮಾನ್ಯವಾಗಿ ಎರಡು ವೈರ್. ಇನ್ನೊಂದು ಮೀಟರ್‌ನ ಮುಳ್ಳಿಗೆ, ಒಂದೇ ವೈರ್. ಅಂಗಡಿಯಲ್ಲಿ ಟೆಂಪರೇಚರ್ ಸೆನ್ಸರ್ ಅಂತ ಮಾತ್ರ ಕೇಳಿದರೆ ಯಾವುದು ಬೇಕಾದರೂ ಕೈಗೆ ಬರಬಹುದು. ಒಂದು ವೈರ್‌ನದು ತನ್ನ ಥ್ರೆಡ್ ಮೂಲಕವೇ ಇಂಜಿನ್‌ಗೆ ಅರ್ಥ್ ಆಗುತ್ತದೆ. ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ಲೀಕ್ ಆಗಬಾರದು ಅಂತ ಅದಕ್ಕೆ ದಪ್ಪಗೆ ಸುತ್ತಿದರೆ ಅರ್ಥಿಂಗ್ ತಪ್ಪಿ ಮುಳ್ಳು ಏಳುವುದೇ ಇಲ್ಲ. ವಾಷರ್ ಇದ್ದರೆ ಹೊಸ ವಾಷರ್ ಹಾಕಿ, ಸಾಕು.

ಏರ್ ಲಾಕ್

ಕೂಲೆಂಟ್ ಸೆನ್ಸರ್ ಬಿಚ್ಚಿದಾಗ ಸ್ವಲ್ಪ ನೀರು ಹೋಗಿರುತ್ತದೆ, ಆ ಜಾಗಕ್ಕೆ ಗಾಳಿ ಸೇರಿರುತ್ತದೆ. ಸೆನ್ಸರ್ ತುದಿ ಗಾಳಿಯ ಗುಳ್ಳೆಯಲ್ಲಿ ಕೂತರೆ ನಿಜವಾದ ಬಿಸಿ ಅದಕ್ಕೆ ತಿಳಿಯುವುದಿಲ್ಲ. ಲೈವ್ ಡೇಟಾದಲ್ಲಿ ಬಿಸಿ 70ರಿಂದ 95ಕ್ಕೆ ಹಾರಿ ಮತ್ತೆ ಇಳಿಯುತ್ತದೆ. ಡ್ಯಾಶ್‌ಬೋರ್ಡ್ ಹಿಂದೆ ನೀರು ಹರಿದ ಹಾಗೆ ಗುಳುಗುಳು ಸದ್ದು ಬರುತ್ತದೆ. ಹೀಟರ್ ಹಾಕಿದರೆ ತಣ್ಣನೆ ಗಾಳಿ. ನಮ್ಮ ಊರಿನಲ್ಲಿ ಹೀಟರ್ ಹಾಕುವವರು ಕಡಿಮೆ, ಅದಕ್ಕೇ ಈ ಸೂಚನೆ ಎಷ್ಟೋ ಜನರ ಗಮನಕ್ಕೆ ಬರುವುದಿಲ್ಲ.

ತಣ್ಣನೆ ಇಂಜಿನ್‌ನಲ್ಲಿ ರೇಡಿಯೇಟರ್ ಮುಚ್ಚಳ ತೆಗೆದು ಬಾಯಿಮಟ್ಟ ಕೂಲೆಂಟ್ ತುಂಬಿ. ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ. ಗಾಳಿ ಬಿಡುವ ಸ್ಕ್ರೂ ಇದ್ದರೆ ಅದನ್ನು ಸಡಿಲಿಸಿ, ಗುಳ್ಳೆ ನಿಂತು ಬರೀ ನೀರು ಬಂದಾಗ ಮುಚ್ಚಿ. ಮೇಲಿನ ದಪ್ಪ ಪೈಪನ್ನು ಕೈಯಲ್ಲಿ ಹಿಂಡುತ್ತಾ ಇರಿ. ಇಳಿದಷ್ಟು ತುಂಬಿ ಮುಚ್ಚಳ ಹಾಕಿ, ಫ್ಯಾನ್ ಎರಡು ಸಲ ಬಂದು ಹೋಗುವವರೆಗೆ ಓಡಿಸಿ. ಪೂರ್ತಿ ಆರಿದ ಮೇಲೆ ಮತ್ತೆ ಮಟ್ಟ ನೋಡಿ. ಈ ಮಧ್ಯೆ ಮುಳ್ಳು ಕೆಂಪಿನ ಕಡೆ ಹೋದರೆ ತಕ್ಷಣ ಇಂಜಿನ್ ಆಫ್ ಮಾಡಿ. ಅಲ್ಲಿ ಒಂದು ನಿಮಿಷ ಉದಾಸೀನ ಮಾಡಿದರೂ ಹೆಡ್ ಗ್ಯಾಸ್ಕೆಟ್ ಹೋಗಬಹುದು.

ಐಡಲ್ ಉಯ್ಯಾಲೆ

ಕಪ್ಲರ್ ಬದಲಿಸಿದ ಮೇಲೆ ನಮ್ಮ ಕಾರಿನ ಕೋಡ್ ಹೋಯಿತು. ಫ್ಯಾನ್ ಸರಿಯಾಯಿತು. ಆದರೆ ಐಡಲ್ ಮಾತ್ರ ವ್ರೂಂ, ವ್ರೂಂ ಅಂತ ಏರಿ ಇಳಿಯುತ್ತಲೇ ಇತ್ತು. ಇದು ಸೆನ್ಸರ್ ಬದಲಿಸುವ ಮೊದಲು ಇರಲೇ ಇಲ್ಲ. ಹಾಗಾಗಿ ನನ್ನ ಕೈ ಎಲ್ಲೆಲ್ಲಿ ಹೋಗಿತ್ತು ಅಂತ ನೆನಪು ಮಾಡಿಕೊಂಡೆ. ನಿಮಗೂ ಹೊಸ ತೊಂದರೆ ಬಂದಿದ್ದರೆ ಹುಡುಕಬೇಕಾದ ಜಾಗ ಬದಲಿಸಿದ ಸೆನ್ಸರ್‌ನ ಸುತ್ತ ಒಂದು ಗೇಣು. ಸ್ಪ್ಯಾನರ್ ತಾಗಿದ್ದು, ಮೊಣಕೈ ಊರಿದ್ದು, ದಾರಿ ಮಾಡಿಕೊಳ್ಳಲು ಪಕ್ಕಕ್ಕೆ ಎಳೆದ ಪೈಪು.

ಐಡಲ್ ಏಕೆ ಏರಿ ಇಳಿಯುತ್ತದೆ ಅಂತ ತಿಳಿದರೆ ಹುಡುಕುವುದು ಸುಲಭ. ಎಕ್ಸಲರೇಟರ್ ಒತ್ತಿದಾಗ ಗಾಳಿಗೆ ದಾರಿ ತೆರೆಯುವ ಬಾಗಿಲೇ ಥ್ರಾಟಲ್. ಅದನ್ನು ದಾಟಿದ ಮೇಲೆ ಎಲ್ಲೋ ಒಂದು ಕಡೆಯಿಂದ ಇಂಜಿನ್ ಗಾಳಿ ಎಳೆದುಕೊಳ್ಳುತ್ತಿದೆ ಅಂದುಕೊಳ್ಳಿ. ಮ್ಯಾಪ್ ಸೆನ್ಸರ್ ಇರುವ ಕಾರಿನಲ್ಲಿ ಇಸಿಯು ಆ ಗಾಳಿಗೂ ತಕ್ಕ ಪೆಟ್ರೋಲ್ ಹಾಕುತ್ತದೆ. ಆರ್‌ಪಿಎಂ ಏರುತ್ತದೆ. ಇಳಿಸಲು ಐಡಲ್ ವಾಲ್ವನ್ನು, ಅಂದರೆ ಐಡಲ್‌ಗೆ ಬೇಕಾದಷ್ಟು ಗಾಳಿ ಬಿಡುವ ವಾಲ್ವನ್ನು, ಮುಚ್ಚುತ್ತದೆ. ಪೂರ್ತಿ ಮುಚ್ಚಿದರೂ ಇಳಿಯುವುದಿಲ್ಲ, ಏಕೆಂದರೆ ಗಾಳಿ ಬರುತ್ತಿರುವುದು ಬೇರೆ ಕಡೆಯಿಂದ. ಕಾಲು ಎಕ್ಸಲರೇಟರ್ ಮೇಲೆ ಇಲ್ಲ, ಆದರೂ ಆರ್‌ಪಿಎಂ ಜಾಸ್ತಿ ಇದೆ. ಕಾರು ಇಳಿಜಾರಿನಲ್ಲಿ ಹೋಗುತ್ತಿದೆ ಅಂತ ತಿಳಿದ ಇಸಿಯು ಪೆಟ್ರೋಲ್ ನಿಲ್ಲಿಸುತ್ತದೆ. ಆರ್‌ಪಿಎಂ ಬೀಳುತ್ತದೆ. ಆಫ್ ಆಗಬಾರದು ಅಂತ ಮತ್ತೆ ಹಾಕುತ್ತದೆ. ಮತ್ತೆ ಏರುತ್ತದೆ. ಆ ಉಯ್ಯಾಲೆ ಇದೇ.

ಸ್ಕ್ಯಾನರ್‌ನಲ್ಲಿ ಐಡಲ್ ವಾಲ್ವ್ ಅಂಕಿ ತೋರಿಸಿದರೆ ನೋಡಿ. ಬಿಸಿ ಇಂಜಿನ್‌ನಲ್ಲಿ ಅದು ತೀರಾ ಕೆಳಗೆ ಅಂಟಿಕೊಂಡಿದ್ದರೆ ಲೀಕ್ ಇದೆ ಅಂತಲೇ ಅರ್ಥ. ಇಂಥ ಕಾರಿನಲ್ಲಿ ಮ್ಯಾಪ್ ಅಂಕಿ ಐಡಲ್‌ನಲ್ಲಿ 30, 40 ಕಿಲೋಪ್ಯಾಸ್ಕಲ್ ನಡುವೆ ಸರಿಯಾಗಿಯೇ ಕಾಣಬಹುದು. ಅದನ್ನು ನೋಡಿ ಲೀಕ್ ಇಲ್ಲ ಅಂದುಕೊಳ್ಳಬೇಡಿ. ಒತ್ತಡದ ಬದಲು ಒಳಗೆ ಬರುವ ಗಾಳಿಯ ಪ್ರಮಾಣವನ್ನೇ ಅಳೆಯುವ ಮ್ಯಾಫ್ ಸೆನ್ಸರ್ ಇರುವ ಕಾರಿನಲ್ಲಿ ಲೀಕ್ ಬೇರೆ ಥರ ಕಾಣುತ್ತದೆ. ಅಳತೆಗೆ ಸಿಗದ ಗಾಳಿ ಒಳಗೆ ಬರುವುದರಿಂದ ಪೆಟ್ರೋಲ್ ಕಡಿಮೆ ಬಿದ್ದು ಫ್ಯೂಯಲ್ ಟ್ರಿಮ್ (ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡಿಕೊಂಡಿದೆ ಅನ್ನುವ ಅಂಕಿ) ಪ್ಲಸ್ ಕಡೆ ಏರುತ್ತದೆ.

ಟ್ರಿಮ್ ಓದುವಾಗ ಇನ್ನೊಂದು ವಿಷಯ ನೆನಪಿರಲಿ. ಈಗ ಬಂಕ್‌ಗಳಲ್ಲಿ ಸಿಗುವ ಇ20 ಪೆಟ್ರೋಲ್‌ನಲ್ಲಿ ಶೇ 20ರಷ್ಟು ಎಥನಾಲ್ ಇದೆ. ಬರೀ ಪೆಟ್ರೋಲ್‌ಗೆ ಒಂದು ಪಾಲಿಗೆ 14.7 ಪಾಲು ಗಾಳಿ ಸಾಕು. ಇ20ಗೆ 13.5ರ ಹತ್ತಿರ. ಹಳೆ ಕಾರಿನ ಇಸಿಯುಗೆ ಇದು ಗೊತ್ತಿಲ್ಲ, ಅದು ಆಕ್ಸಿಜನ್ ಸೆನ್ಸರ್ ನೋಡಿ ಪೆಟ್ರೋಲ್ ಜಾಸ್ತಿ ಮಾಡಿಕೊಳ್ಳುತ್ತದೆ. ಹಾಗಾಗಿ ಟ್ರಿಮ್ ಪ್ಲಸ್ 6, 7 ಇದ್ದ ಮಾತ್ರಕ್ಕೆ ಲೀಕ್ ಅಂತ ಪೈಪ್‌ಗಳನ್ನೆಲ್ಲ ಬಿಚ್ಚಬೇಡಿ. ಪ್ಲಸ್ 15 ದಾಟಿದರೆ ಬಿಚ್ಚಿ.

ಲೀಕ್ ಹುಡುಕಲು ಕೆಲವರು ಕಾರ್ಬ್ ಕ್ಲೀನರ್, ಪೆಟ್ರೋಲ್ ಸಿಂಪಡಿಸುತ್ತಾರೆ. ಕಾದ ಎಕ್ಸಾಸ್ಟ್ ಪಕ್ಕದಲ್ಲಿ ಅದು ಬೇಡ. ಬಟ್ಟೆ ಇಸ್ತ್ರಿ ಮಾಡುವಾಗ ಬಳಸುವ ನೀರಿನ ಸ್ಪ್ರೇ ಬಾಟಲಿ ಸಾಕು. ವೈರ್, ಕಾಯಿಲ್ ಕಡೆ ಬಿಟ್ಟು ಪೈಪ್ ತುದಿಗಳ ಮೇಲೆ ಮಾತ್ರ ಹಗುರವಾಗಿ ಸಿಂಪಡಿಸಿ. ತೂತಿಗೆ ನೀರು ಬಿದ್ದ ಕ್ಷಣ ಇಂಜಿನ್ ಸದ್ದು ಬದಲಾಗುತ್ತದೆ. ಇದಕ್ಕಿಂತ ಸುಲಭ ಅಂದರೆ ಪೈಪ್ ಹಿಂಡುವುದು. ಬಟ್ಟೆ ಸುತ್ತಿದ ಇಕ್ಕಳದಿಂದ ಇಂಟೇಕ್‌ಗೆ ಹೋಗುವ ರಬ್ಬರ್ ಪೈಪ್‌ಗಳನ್ನು ಒಂದೊಂದಾಗಿ ಹಿಂಡಿ. ಬ್ರೇಕ್ ಬೂಸ್ಟರ್ ಪೈಪ್ ಗಟ್ಟಿ ಇದ್ದರೆ ಅದನ್ನು ಬಿಡಿ.

ನಾಲ್ಕನೇ ಪೈಪ್ ಹಿಂಡಿದಾಗ ನಮ್ಮ ಇಂಜಿನ್ 850ಕ್ಕೆ ಇಳಿದು ನಿಂತಿತು. ಅಷ್ಟು ದಿನ ಆದ ಮೇಲೆ ಆ ಸ್ಥಿರವಾದ ಸದ್ದು ಕೇಳಿ ನನಗೆ ಆದ ಸಮಾಧಾನ ಹೇಳತೀರದು. ಅದು ಇಂಜಿನ್ ಒಳಗಿನ ಎಣ್ಣೆ ಹಬೆಯನ್ನು ಹೊರಬಿಡುವ ಪಿಸಿವಿ ವಾಲ್ವ್‌ನಿಂದ ಇಂಟೇಕ್‌ಗೆ ಹೋಗುವ ಹೆಬ್ಬೆರಳು ದಪ್ಪದ ಪೈಪು. ತಿರುವಿನ ಕೆಳಗಡೆ, ಮೇಲಿನಿಂದ ನೋಡಿದರೆ ಕಾಣದ ಕಡೆ, ಒಂದು ಇಂಚು ಉದ್ದ ಸೀಳಿತ್ತು. ಸೀಳಿನ ಅಂಚು ಹೊಸದಾಗಿ ಕಪ್ಪಗೆ ಹೊಳೆಯುತ್ತಿತ್ತು. ಉಳಿದ ರಬ್ಬರ್ ಬೂದು ಬಣ್ಣಕ್ಕೆ ತಿರುಗಿ ಒಣಗಿತ್ತು. ಸೆನ್ಸರ್‌ಗೆ ಸ್ಪ್ಯಾನರ್ ಹಾಕಲು ಜಾಗ ಸಿಗಲಿ ಅಂತ ಆ ಪೈಪನ್ನು ನಾನೇ ಪಕ್ಕಕ್ಕೆ ಬಗ್ಗಿಸಿ ಹಿಡಿದಿದ್ದೆ. ಹೊಸ ಪೈಪ್ ತರುವಾಗ ಎಣ್ಣೆ ಹಬೆ ತಡೆಯುವ ಪಿಸಿವಿ ಪೈಪ್ ಬೇಕು ಅಂತಲೇ ಕೇಳಿ. ನೀರಿನ ಪೈಪ್ ಹಾಕಿದರೆ ಎಣ್ಣೆಗೆ ಊದಿ ಮೆತ್ತಗಾಗುತ್ತದೆ.

ಬೇರೆ ಸೆನ್ಸರ್ ಬದಲಿಸಿದವರಿಗೆ

ಇಂಜಿನ್ ತಿರುಗುವುದನ್ನು ಇಸಿಯುಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಬದಲಿಸಿದ ಮೇಲೆ ಸ್ಟಾರ್ಟೇ ಆಗುತ್ತಿಲ್ಲವಾ? ಸೆಲ್ಫ್ ಹೊಡೆಯುವಾಗ ಸ್ಕ್ಯಾನರ್‌ನಲ್ಲಿ ಆರ್‌ಪಿಎಂ ನೋಡಿ. 200ರ ಸುತ್ತಮುತ್ತ ಬರಬೇಕು. ಸೊನ್ನೆ ಇದ್ದರೆ ಸಿಗ್ನಲ್ ಇಲ್ಲ. ಹಳೆ ಸೆನ್ಸರ್‌ನ ಓ-ರಿಂಗ್ ತೂತಿನಲ್ಲೇ ಉಳಿದು ಹೊಸದು ಪೂರ್ತಿ ಕೂತಿಲ್ಲವೇನೋ ಅಂತ ಬಿಚ್ಚಿ ನೋಡಿ. ಥ್ರಾಟಲ್ ಸೆನ್ಸರ್ ಆದರೆ ಕಾಲು ತೆಗೆದಾಗಿನ ಅಂಕಿ ಮತ್ತು ಪೂರ್ತಿ ಒತ್ತಿದಾಗಿನ ಅಂಕಿ ನೋಡಿ, ನಡುವೆ ಎಲ್ಲೂ ಹಾರದೆ ನಿಧಾನವಾಗಿ ಏರಬೇಕು. ಆಕ್ಸಿಜನ್ ಸೆನ್ಸರ್ ಆದರೆ ವೈರ್ ಎಕ್ಸಾಸ್ಟ್‌ಗೆ ತಾಗಿ ಸುಟ್ಟಿದೆಯಾ ಅಂತ ಮೊದಲು ನೋಡಿ.

ಕೆಲಸಕ್ಕೆ ಅಂತ ಬ್ಯಾಟರಿ ಬಿಚ್ಚಿದ್ದರೆ ಇಸಿಯು ಕಲಿತಿದ್ದ ಐಡಲ್ ಲೆಕ್ಕ ಎಷ್ಟೋ ಕಾರುಗಳಲ್ಲಿ ಅಳಿಸಿಹೋಗುತ್ತದೆ. ಮೊದಲ ದಿನ ಐಡಲ್ ಸ್ವಲ್ಪ ತಡಬಡಿಸಿದರೆ ಬೇಜಾರು ಮಾಡಿಕೊಳ್ಳಬೇಡಿ. ಎಸಿ, ಲೈಟ್ ಎಲ್ಲ ಆಫ್ ಮಾಡಿ ಫ್ಯಾನ್ ಬರುವವರೆಗೆ ನಿಂತಲ್ಲೇ ಇಂಜಿನ್ ಓಡಿಸಿ, ಆಮೇಲೆ ಹತ್ತು ನಿಮಿಷ ಎಸಿ ಹಾಕಿ ಓಡಿಸಿ. ಒಂದೆರಡು ದಿನ ಓಡಾಡಿದ ಮೇಲೂ ಹಾಗೇ ಇದ್ದರೆ ಮೇಲಿನ ದಾರಿ ಹಿಡಿಯಿರಿ.

5 ವೋಲ್ಟ್ ಯಾವ ಸೆನ್ಸರ್‌ಗೂ ಬರದಿದ್ದರೆ, ವೈರಿಂಗ್ ಒಳಗೆ ಸುಟ್ಟ ವಾಸನೆ ಇದ್ದರೆ, ಅಥವಾ ಒಟ್ಟಿಗೆ ನಾಲ್ಕೈದು ಸೆನ್ಸರ್‌ಗಳ ಕೋಡ್ ಬಂದರೆ ಅಲ್ಲಿಗೆ ನಿಲ್ಲಿಸಿ. ಒಬ್ಬ ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ನೀವು ಬರೆದಿಟ್ಟ ಚೀಟಿಯನ್ನೂ ಕೊಡಿ. ಏನು ಬದಲಿಸಿದಿರಿ, ಯಾವತ್ತು, ಮೊದಲು ಏನಿತ್ತು, ಆಮೇಲೆ ಏನಾಯಿತು ಅಂತ ಗೊತ್ತಾದರೆ ಅವರ ಅರ್ಧ ದಿನ ಉಳಿಯುತ್ತದೆ.

ಸರಿ ಹೋಯಿತು ಅಂತ ಹೇಳುವ ಮೊದಲು ಕೋಡ್ ಅಳಿಸಿ, ಒಂದು ರಾತ್ರಿ ಕಾರು ನಿಲ್ಲಿಸಿ, ಬೆಳಗ್ಗೆ ಎದ್ದು ಕೀ ಆನ್ ಮಾಡಿ ನೋಡಿ. ನಮ್ಮ ಕಾರಿನಲ್ಲಿ ಆ ಬೆಳಗ್ಗೆ ಕೂಲೆಂಟ್ 21, ಗಾಳಿ 22, ಒತ್ತಡ 91 ಅಂತ ಬಂತು. ಸ್ಟಾರ್ಟ್ ಮಾಡಿದೆ. ಫ್ಯಾನ್ ತಿರುಗಲಿಲ್ಲ. ಹನುಮಂತನಗರದ ಏರು ಹತ್ತಿ, ಸಜ್ಜನ್ ರಾವ್ ಸರ್ಕಲ್‌ವರೆಗೆ ಹೋಗಿ ಬಂದು, ಬಿಸಿ ಇಂಜಿನ್ ಆಫ್ ಮಾಡಿ, ಹತ್ತು ನಿಮಿಷ ಕಾದು ಮತ್ತೆ ಕೀ ತಿರುಗಿಸಿದೆ. ಒಂದೇ ಸೆಲ್ಫ್‌ಗೆ ಹಿಡಿಯಿತು.